ಮೂರು ಬೆರಳು ಬಾಯಿ

ಚಿರಂಜೀವಿ ಮಗನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೂವತ್ತು ಸಲದ ಕರೆಂಟು, ಅಂದರೆ ರೇಡಿಯೇಷನ್, ಮುಗಿಸಿ ನೀನು ಮನೆಗೆ ಬಂದೆ ಎಂದು ನಿಮ್ಮಮ್ಮ ಫೋನ್ ಮಾಡಿದ್ದಳು. ಕೆನ್ನೆಯ ಕ್ಯಾನ್ಸರಿಗೆ ಆಪರೇಷನ್, ಅದರ ಬೆನ್ನಿಗೇ ಆರು ವಾರ ರೇಡಿಯೇಷನ್, ಎಲ್ಲವನ್ನೂ ತಡೆದುಕೊಂಡೆಯಲ್ಲ, ಸಣ್ಣ ಮಾತಲ್ಲ. ಆದರೆ ಇನ್ನು ಒಂದು ವರ್ಷ ನೀನೇ ಮಾಡಿಕೊಳ್ಳಬೇಕಾದ ಕೆಲಸವಿದೆ. ಅದನ್ನು ಯಾವ ಡಾಕ್ಟರೂ ನಿನಗೆ ಮಾಡಿಕೊಡಲಾರರು.

ಮೊದಲನೆಯದು ಬಾಯಿ ತೆರೆಯುವುದು. ಈಗಲೇ ಕನ್ನಡಿ ಮುಂದೆ ನಿಂತು ತೋರುಬೆರಳು, ನಡುಬೆರಳು, ಉಂಗುರ ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಇಟ್ಟು ನೋಡು. ಮೂರೂ ಹಿಡಿದರೆ ಸರಿ. 35 ಮಿಲಿಮೀಟರಿಗಿಂತ ಕಡಿಮೆಯಾದರೆ ಬಿಗಿತ ಶುರುವಾಗಿದೆ ಎಂದರ್ಥ. ಕರೆಂಟು ನಿಲ್ಲಿಸಿದ ದಿನವೇ ಅದರ ಪರಿಣಾಮ ನಿಲ್ಲುವುದಿಲ್ಲ. ಅಗಿಯುವ ಸ್ನಾಯು ನಿಧಾನವಾಗಿ ನಾರುಗಟ್ಟುತ್ತಾ ಹೋಗುತ್ತದೆ, ತಿಂಗಳುಗಟ್ಟಲೆ. ಅದಕ್ಕೇ ಇವತ್ತು ಚೆನ್ನಾಗಿ ತೆರೆಯುತ್ತಿದೆ ಎಂದು ಸುಮ್ಮನಿದ್ದವರಿಗೆ ಆರು ತಿಂಗಳಲ್ಲಿ ಚಮಚ ಒಳಗೆ ಹೋಗುವುದೇ ಕಷ್ಟವಾಗುತ್ತದೆ. ಆಮೇಲೆ ಹಲ್ಲುಜ್ಜಲೂ ಆಗದು, ಡಾಕ್ಟರು ಒಳಗೆ ನೋಡಲೂ ಆಗದು.

ಔಷಧಿ ಅಂಗಡಿಯಲ್ಲಿ ಮರದ ಐಸ್‌ಕ್ರೀಂ ಕಡ್ಡಿಯಂಥವು ಸಿಗುತ್ತವೆ. ಎಷ್ಟು ಕಡ್ಡಿ ಸಲೀಸಾಗಿ ಹಿಡಿಯುತ್ತದೋ ಅಷ್ಟನ್ನು ಕಟ್ಟಾಗಿ ಹಲ್ಲಿನ ನಡುವೆ ಇಡು. ನಡುವೆ ಇನ್ನೊಂದನ್ನು ಮೆಲ್ಲಗೆ ತೂರಿಸು. ಎಳೆತ ಗೊತ್ತಾಗಬೇಕು, ಚುಚ್ಚುವ ನೋವು ಬರಬಾರದು. 30 ಸೆಕೆಂಡ್ ಹಿಡಿದು ಬಿಡು. ಹೀಗೆ ಐದು ಸಲ, ದಿನಕ್ಕೆ ಐದು ಹೊತ್ತು. ಅಲುಗಾಡುವ ಹಲ್ಲಿನ ಮೇಲೆ ಭಾರ ಬೀಳದಂತೆ ನೋಡಿಕೋ. ನಿನ್ನ ದವಡೆ ಮೂಳೆಗೆ ಕತ್ತರಿ ಬಿದ್ದಿಲ್ಲ, ಆದರೂ ಗಾಯ ನೋಡಿದ ಡಾಕ್ಟರು ಹೂಂ ಅಂದ ಮೇಲೆಯೇ ಶುರು ಮಾಡು. ಕ್ಯಾಲೆಂಡರಿನಲ್ಲಿ ವಾರಕ್ಕೊಮ್ಮೆ ಕಡ್ಡಿಯ ಲೆಕ್ಕ ಬರೆದಿಡು. ಒಂದು ಕಡ್ಡಿ ಕಡಿಮೆಯಾದರೂ ಆ ಬರಹ ಮೊದಲು ಹೇಳುತ್ತದೆ.

ಕುತ್ತಿಗೆಯ ಗಂಟುಗಳನ್ನು ತೆಗೆದ ಬದಿಯ ಭುಜ ಜೋತು ಬೀಳುವುದುಂಟು. ಗೋಡೆಗೆ ಬೆರಳಿಟ್ಟು ಜೇಡ ಹತ್ತಿದಂತೆ ಮೇಲಕ್ಕೆ ಹತ್ತಿಸು, ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ.

ಜೊಲ್ಲು ಕಡಿಮೆಯಾಗಿದ್ದರೆ ಹಲ್ಲು ಬೇಗ ಹುಳುಕಾಗುತ್ತದೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಕದಡಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸು. ನುಂಗಬೇಡ, ಮರುದಿನಕ್ಕೆ ಹೊಸದು ಕಲಸು. ಉರಿಯುವ ಅಂಗಡಿ ಮೌತ್‌ವಾಶ್ ಬೇಡ, ಅದರ ಆಲ್ಕೋಹಾಲ್ ಇನ್ನಷ್ಟು ಒಣಗಿಸುತ್ತದೆ. ಫ್ಲೋರೈಡ್ ಪೇಸ್ಟ್, ಮೆತ್ತಗಿನ ಬ್ರಷ್, ಆರು ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರು. ಇದೊಂದು ಮಾತನ್ನು ಮಾತ್ರ ಎಂದಿಗೂ ಮರೆಯಬೇಡ: ಹಲ್ಲು ನೋಯುತ್ತಿದೆ ಎಂದು ಊರಿನ ಕ್ಲಿನಿಕ್ಕಿಗೆ ಹೋಗಿ ಕೀಳಿಸಬೇಡ. ಕರೆಂಟು ತಿಂದ ದವಡೆಗೆ ರಕ್ತ ಸರಿಯಾಗಿ ಹರಿಯದು. ಕಿತ್ತ ಕುಳಿ ಮಾಯದೆ ಮೂಳೆ ಸತ್ತು ಹೊರಗೆ ಕಾಣುವುದುಂಟು. ಹತ್ತು ವರ್ಷವಾದರೂ ಈ ಭಯ ಹೋಗದು. ಮೊದಲು ರೇಡಿಯೇಷನ್ ಡಾಕ್ಟರಿಗೆ ಕೇಳು. ಎಷ್ಟು ಗ್ರೇ (ಕರೆಂಟಿನ ಅಳತೆ), ಯಾವ ಜಾಗಕ್ಕೆ ಎಂಬ ಕಾಗದ, ಬಯಾಪ್ಸಿ ರಿಪೋರ್ಟ್, ಡಿಸ್ಚಾರ್ಜ್ ಸಮ್ಮರಿ, ಮೂರನ್ನೂ ಒಂದೇ ಫೈಲಿನಲ್ಲಿಡು.

ಊಟದಲ್ಲಿ ತೂಕ ಇಳಿಯಗೊಡಬೇಡ. ಮುದ್ದೆಯನ್ನು ಸ್ವಲ್ಪ ಸಡಿಲವಾಗಿ ತೊಳಸಿ, ತೆಳು ಸಾರಿನಲ್ಲಿ ಅದ್ದಿ ಸಣ್ಣ ತುತ್ತು ಮಾಡು. ಮೊಸರನ್ನ, ಬೇಳೆ ಕಟ್ಟು, ಮೊಟ್ಟೆ, ತುಪ್ಪ ಹಾಕಿದ ರಾಗಿ ಗಂಜಿ ಇರಲಿ. ನೀರು ಕುಡಿದಾಗಲೆಲ್ಲ ಕೆಮ್ಮು ಬಂದರೆ ನೀರು ಶ್ವಾಸನಾಳಕ್ಕೆ ಇಳಿಯುತ್ತಿರಬಹುದು. ಅಂಥದ್ದನ್ನು ನಾಳೆಗೆ ಬಿಡಬೇಡ.

ಈಗ ಮನಸ್ಸಿಗೆ ಕಹಿಯಾಗುವ ಮಾತು. "ತಂಬಾಕು ಬಿಟ್ಟೆ, ಬರೀ ಅಡಿಕೆ ತಾನೇ" ಎಂದು ಹೇಳುತ್ತಿದ್ದೀಯಂತೆ. ನಮ್ಮ ಮನೆಯ ಅನ್ನ ಅಡಿಕೆ ತೋಟದಿಂದಲೇ ಬಂದದ್ದು, ನನಗೂ ಗೊತ್ತು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕರೆಂಟಿಲ್ಲದೆಯೂ ಬಾಯಿಯ ಒಳಪದರ ನಾರುಗಟ್ಟಿ ಬಿಗಿಯುವ ರೋಗಕ್ಕೂ ಅಡಿಕೆಯೇ ಮೂಲ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿದ ಮೇಲೆ ಅಂಗಡಿಯವರು ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ ಮಾಡಿ ಕೊಡತೊಡಗಿದರು. ಎರಡನ್ನೂ ಜೇಬಿಗೆ ಸೇರಿಸಬೇಡ. ಮದುವೆ ಮನೆಯಲ್ಲಿ ತಾಂಬೂಲ ಕೊಟ್ಟರೆ ತೆಗೆದುಕೊಂಡು ಕಣ್ಣಿಗೊತ್ತಿಕೋ, ಬಾಯಿಗೆ ಬೇಡ. ಚಪಲ ಹತ್ತಿದಾಗ ಐದಾರು ನಿಮಿಷ ನೀರು ಗುಟುಕರಿಸುತ್ತಾ ತೋಟ ಸುತ್ತು, ಅದು ಇಳಿಯುತ್ತದೆ. ಇಳಿಯದಿದ್ದರೆ ಸರ್ಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡು.

ರೋಗ ಮರಳುವುದಾದರೆ ಹೆಚ್ಚಾಗಿ ಮೊದಲ ಎರಡು ವರ್ಷದೊಳಗೆ. ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ ಕರೆಯುತ್ತಾರೆ, ಕೊಯ್ಲಿನ ನೆಪ ಹೇಳಿ ತಪ್ಪಿಸಬೇಡ. ಕುತ್ತಿಗೆಗೆ ಕರೆಂಟು ಬಿದ್ದಿರುವುದರಿಂದ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ ಕೇಳಿ ಮಾಡಿಸು. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಕುತ್ತಿಗೆಯಲ್ಲಿ ಹೊಸ ಗಂಟು, ಕಾರಣವಿಲ್ಲದ ಕಿವಿನೋವು ಕಂಡರೆ ಮುಂದಿನ ತಾರೀಕಿಗೆ ಕಾಯದೆ ಹೊರಡು.

ಇವತ್ತು ಎಷ್ಟು ಬೆರಳು ಹಿಡಿಯಿತು ಎಂದು ಸಂಜೆಯೊಳಗೆ ತಿಳಿಸು.

ಇಂತಿ ನಿನ್ನ
ದೊಡ್ಡಮ್ಮ