ಸದ್ಭಾವನೆಯ ಕೊಡೆ ಯಾರ ತಲೆಯ ಮೇಲೆ? ಕಾನೂನು ಸಚಿವರಿಗೊಂದು ಬಹಿರಂಗ ಪತ್ರ

ರಾಜ್ಯದ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಮಾನ್ಯ ಸಚಿವರಿಗೆ ನಮಸ್ಕಾರಗಳು.

ನಾನು ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಕೊನೆಕೊನೆಗೆ ನಮ್ಮ ಹುದ್ದೆಗೆ ಶುಶ್ರೂಷಾಧಿಕಾರಿ ಎಂದು ಹೆಸರು ಬದಲಾಯಿತು. ಪಾಳಿ, ಬೈಗುಳ ಎರಡೂ ಹಾಗೇ ಉಳಿದವು. ಕಾನೂನು ಓದಿದವಳಲ್ಲ. ನಿವೃತ್ತಿಯಾದ ಮೇಲೆ, ವಕೀಲನಾಗಿರುವ ತಮ್ಮನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕಾರು ಕಾಯ್ದೆಗಳನ್ನು ಸಾಲು ಸಾಲಾಗಿ ಓದಿಸಿಕೊಂಡೆ. ಅದರಲ್ಲಿ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದಕ್ಕೇ ಈ ಪತ್ರ.

ಕಾಯ್ದೆಯಡಿ ಸದ್ಭಾವನೆಯಿಂದ ಮಾಡಿದ ಯಾವ ಕೆಲಸಕ್ಕೂ ಯಾರ ಮೇಲೂ ದಾವೆ ಹೂಡುವಂತಿಲ್ಲ ಎಂಬುದೇ ಆ ಮಾತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ 4ನೇ ಕಲಮು ಇದು. ಬೊಂಬಾಯಿಯಲ್ಲಿ ಪ್ಲೇಗು ಹಬ್ಬಿದ್ದಾಗ ಬ್ರಿಟಿಷರು ಅವಸರದಲ್ಲಿ ತಂದ ಕಾಯ್ದೆ. ಇಡೀ ಕಾಯ್ದೆಗೆ ಇದ್ದದ್ದೇ ನಾಲ್ಕು ಕಲಮು. ಸರ್ಕಾರಕ್ಕೆ ಅಧಿಕಾರ, ಮಾತು ಕೇಳದವರಿಗೆ ಶಿಕ್ಷೆ, ಅಧಿಕಾರ ಚಲಾಯಿಸಿದವರಿಗೆ ರಕ್ಷಣೆ. ರೋಗಿಗೆ ಏನು ಕೊಡಬೇಕು ಅನ್ನುವುದಕ್ಕೆ ಒಂದು ಸಾಲೂ ಇರಲಿಲ್ಲ. ಮರುವರ್ಷ ಅದೇ ಪ್ಲೇಗು ಬೆಂಗಳೂರಿಗೆ ಬಂತು. ಊರು ಹೊರಕ್ಕೆ ಹರಡಿ ಮಲ್ಲೇಶ್ವರ, ಬಸವನಗುಡಿ ಬೆಳೆದವು; ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿಕೊಂಡರು. ಅರ್ಜಿ ಕೊಡಲು ಬೇರೆ ಬಾಗಿಲು ಇರಲಿಲ್ಲವಲ್ಲ.

ಆ ನಾಲ್ಕನೇ ಕಲಮಿಗೆ ಸಾವೇ ಇಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 73ನೇ ಕಲಮಿನಲ್ಲಿ ಅದು ಇನ್ನೂ ಅಗಲವಾಗಿ ಕೂತಿದೆ: ಅಧಿಕಾರಿಗಳ ಜೊತೆಗೆ ಕೇಂದ್ರ ಸರ್ಕಾರ, ರಾಜ್ಯ ಸರ್ಕಾರಗಳಿಗೂ ಅದರಡಿ ಜಾಗ. ಬೆಂಗಳೂರಿನ ಪಾದರಾಯನಪುರದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ನಡೆದ ಗಲಾಟೆಯ ಬೆನ್ನಲ್ಲೇ 2020ರ ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಆಮೇಲೆ ಕಾಯ್ದೆಯಾದ ನಮ್ಮ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲೂ ಅದೇ ಧಾಟಿಯ ರಕ್ಷಣೆ ಇದೆ. ನಮ್ಮ ಮೇಲೆ ಕೈ ಮಾಡಿದವರಿಗೆ ಶಿಕ್ಷೆ ಎಂದು ಆ ಕಾಯ್ದೆ ಬಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬಳು.

ಆದ್ದರಿಂದ ಈ ರಕ್ಷಣೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಒಂದು ರಾತ್ರಿಯ ಕಥೆ ಹೇಳಿದರೆ ನಿಮಗೆ ಅರ್ಥವಾಗುತ್ತದೆ.

2021ರ ಮೇ ತಿಂಗಳು, ಕೋವಿಡ್‌ನ ಎರಡನೇ ಅಲೆ. ಹಳೇ ಮೈಸೂರು ಕಡೆಯ ಒಂದು ಸರ್ಕಾರಿ ಆಸ್ಪತ್ರೆ, ಹೆಸರು ಬೇಡ. ನನ್ನ ವಾರ್ಡಿನಲ್ಲಿ ಇಪ್ಪತ್ತು ಹಾಸಿಗೆ, ಇಪ್ಪತ್ತರಲ್ಲೂ ಆಕ್ಸಿಜನ್ ಮೇಲಿದ್ದವರು. ನಾವು ಜಂಬೋ ಎನ್ನುವ ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಇರುತ್ತದೆ. ಒಬ್ಬೊಬ್ಬರಿಗೆ ನಿಮಿಷಕ್ಕೆ 10 ಲೀಟರ್ ಬಿಟ್ಟರೆ ವಾರ್ಡಿಗೆ 200 ಲೀಟರ್, ಅಂದರೆ 35 ನಿಮಿಷಕ್ಕೊಂದು ಜಂಬೋ ಖಾಲಿ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಇಪ್ಪತ್ತೊಂದು ಬೇಕು. ಇದ್ದದ್ದು ಹದಿನೈದು. ಎಲ್ಲರಿಗೂ ಏಳು ಲೀಟರಿಗೆ ಇಳಿಸಿದರೆ ಹದಿನೈದರಲ್ಲೇ ಬೆಳಗು ಕಾಣಬಹುದು. ಡ್ಯೂಟಿ ಡಾಕ್ಟರು ಇನ್ನೊಂದು ವಾರ್ಡಿನಿಂದ ಫೋನಿನಲ್ಲೇ ಹೇಳಿದರು, "ಇಳಿಸಿ ಸಿಸ್ಟರ್." ಒಂದೊಂದೇ ಹಾಸಿಗೆಗೆ ಹೋಗಿ ಗುಬಟು ತಿರುಗಿಸಿದ್ದು ಈ ಕೈ. ಹನ್ನೊಂದನೇ ಹಾಸಿಗೆಯವರಿಗೆ ಏಳು ಸಾಲದು ಅಂತ ನನಗೆ ಗೊತ್ತಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಹೋದರು. ಅವರ ಮಗ ಬಂದು, "ಯಾಕಮ್ಮಾ ಕಮ್ಮಿ ಮಾಡಿದ್ರಿ?" ಎಂದ. ಅವನು ಬೈಯಲಿಲ್ಲ, ಕೇಳಿದ ಅಷ್ಟೆ. ಇಪ್ಪತ್ತೊಂದಕ್ಕೆ ಹದಿನೈದು ಎಂಬ ಲೆಕ್ಕ ಬಾಯಲ್ಲಿತ್ತು. ಅಪ್ಪನ ಹೆಣದ ಮುಂದೆ ಲೆಕ್ಕ ಹೇಳುವುದು ಹೇಗೆ?

ಅವನು ಕೋರ್ಟಿಗೆ ಹೋಗಿದ್ದರೆ ಕಟಕಟೆಯಲ್ಲಿ ನಿಲ್ಲಬೇಕಾದವಳು ನಾನು. ಅಂಥ ಕೈಗೆ ರಕ್ಷಣೆ ಬೇಕು. ಬೇಕೇ ಬೇಕು. ಗ್ರೂಪ್ ಡಿ ನೌಕರರು, ಆಶಾ ಕಾರ್ಯಕರ್ತೆಯರು, ಆಂಬುಲೆನ್ಸ್ ಓಡಿಸಿದವರು, ಗುತ್ತಿಗೆಯ ಮೇಲೆ ಬಂದ ಹುಡುಗಿಯರು, ಎಲ್ಲರಿಗೂ.

ಆದರೆ ಸ್ವಾಮಿ, ಹದಿನೈದೇ ಯಾಕಿತ್ತು? ಮೂರು ದಿನ ಮೊದಲೇ ಮೂವತ್ತು ಸಿಲಿಂಡರಿಗೆ ಇಂಡೆಂಟ್, ಅಂದರೆ ಬೇಡಿಕೆಯ ಕಾಗದ, ಹೋಗಿತ್ತು. ಆ ಕಾಗದ ಯಾವುದೋ ಮೇಜಿನ ಮೇಲೆ ಮಲಗಿತ್ತು. ನನ್ನ ಕೈಯನ್ನು ಕಾಯುವ ಕೊಡೆಯೇ ಆ ಮೇಜನ್ನೂ ಕಾಯುತ್ತದೆ. ನನ್ನ ತಕರಾರು ಇಷ್ಟೇ.

ನಮ್ಮದು ಸಣ್ಣ ಸುದ್ದಿ, ಯಾವ ಪತ್ರಿಕೆಗೂ ಹೋಗಲಿಲ್ಲ. ಚಾಮರಾಜನಗರದ್ದು ಇಡೀ ನಾಡಿಗೆ ಗೊತ್ತಾಯಿತು. 2021ರ ಮೇ 2ರ ರಾತ್ರಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಮರುದಿನ ಹೊರಬಿದ್ದ ಸಾವಿನ ಲೆಕ್ಕ 24. ಆಕ್ಸಿಜನ್ ಇಲ್ಲದೆ ಸತ್ತವರು ಮೂವರೇ ಎಂದು ಸರ್ಕಾರ ಮೊದಲು ಹೇಳಿತು. ಹೈಕೋರ್ಟಿನ ಮುಂದೆ ಬಂದ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ನೇತೃತ್ವದ ಸಮಿತಿಯ ವರದಿ ಆ ಮಾತನ್ನು ಒಪ್ಪಲಿಲ್ಲ. ಅದೇ ಜುಲೈನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲಂತೂ, ಆಕ್ಸಿಜನ್ ಕೊರತೆಯಿಂದ ಸಾವು ಎಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಯೇ ಇರಲಿಲ್ಲ. ಸತ್ತವರ ಮನೆಗಳಿಗೆ ತಲಾ 2 ಲಕ್ಷ ರೂಪಾಯಿ ಸಿಕ್ಕಿತು. ಅದೂ ಹೈಕೋರ್ಟ್ ಬೆನ್ನು ಹತ್ತಿದ್ದರಿಂದ.

ಆ ವಾರದ ಇನ್ನೊಂದು ಸಂಗತಿ ಮರೆಯಬೇಡಿ. ಮೇ 5ರಂದು ನಮ್ಮ ಹೈಕೋರ್ಟ್ ರಾಜ್ಯದ ಆಕ್ಸಿಜನ್ ಪಾಲನ್ನು ದಿನಕ್ಕೆ 1,200 ಟನ್ನಿಗೆ ಏರಿಸಿ ಎಂದು ಕೇಂದ್ರಕ್ಕೆ ಹೇಳಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು, ಅಲ್ಲಿ ತಡೆ ಸಿಗಲಿಲ್ಲ. ಸಾಂಕ್ರಾಮಿಕದ ಹೊತ್ತಿನಲ್ಲಿ ಕೋರ್ಟು ಕಚೇರಿ ಅಂತ ಎಳೆದಾಡಿದರೆ ಕೆಲಸ ಕೆಡುತ್ತದೆ ಎಂದು ಹೇಳುವವರಿದ್ದಾರೆ. ನಮ್ಮ ವಾರ್ಡಿಗೆ ಸಿಲಿಂಡರು ಬಂದದ್ದು ಕೋರ್ಟು ಎಳೆದಾಡಿದ ಮೇಲೆ.

ಈಗ ಆ ಸದ್ಭಾವನೆ ಎಂಬ ಪದಕ್ಕೆ ಬರುತ್ತೇನೆ. ತಮ್ಮನ ಮಗ ಇದನ್ನು ತೋರಿಸಿದಾಗ ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಹಳೆಯ ಭಾರತೀಯ ದಂಡ ಸಂಹಿತೆಯ 52ನೇ ಕಲಮಿನ ಪ್ರಕಾರ, ತಕ್ಕ ಎಚ್ಚರ ಮತ್ತು ಗಮನ ಇಲ್ಲದೆ ಮಾಡಿದ್ದನ್ನು ಸದ್ಭಾವನೆ ಎನ್ನುವಂತಿಲ್ಲ. ಈಗಿನ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಆದರೆ ಕೇಂದ್ರದ ಕಾಯ್ದೆಗಳಲ್ಲಿ ಬರುವ ಪದಗಳಿಗೆ ಅರ್ಥ ಹೇಳುವ 1897ರ ಜನರಲ್ ಕ್ಲಾಸಸ್ ಕಾಯ್ದೆ ಬೇರೆಯೇ ಹೇಳುತ್ತದೆ: ಪ್ರಾಮಾಣಿಕವಾಗಿ ಮಾಡಿದ್ದರೆ ಸಾಕು, ನಿರ್ಲಕ್ಷ್ಯದಿಂದ ಮಾಡಿದ್ದರೂ ಅದು ಸದ್ಭಾವನೆಯೇ. ಕಳ್ಳತನದಿಂದ ಜೈಲಿಗೆ ಹೋಗುವವನಿಗೆ ಒಂದು ಅಳತೆ, ಇಂಡೆಂಟ್ ಮೇಲೆ ಟೀ ಲೋಟ ಇಟ್ಟವನಿಗೆ ಇನ್ನೊಂದು ಅಳತೆ. ಲಂಚ ತಿನ್ನಲಿಲ್ಲ, ಯಾರನ್ನೂ ಕೊಲ್ಲುವ ಮನಸ್ಸಿರಲಿಲ್ಲ, ಬರೀ ನೋಡಲಿಲ್ಲ. ಅಷ್ಟಿದ್ದರೆ ಅವನು ಕೊಡೆಯ ಕೆಳಗೆ ಕ್ಷೇಮ.

ವಾರ್ಡಿನಲ್ಲಿ ನಿಂತವರಿಗೆ ಎಷ್ಟು ಕ್ಷೇಮ ಎಂಬುದನ್ನೂ ಕೇಳಿ. ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನಿರ್ಲಕ್ಷ್ಯದಿಂದ ಆದ ಸಾವಿಗೆ 5 ವರ್ಷದವರೆಗೆ ಜೈಲು. ನೋಂದಾಯಿತ ವೈದ್ಯರಾಗಿದ್ದು ಚಿಕಿತ್ಸೆಯ ವೇಳೆ ಆಗಿದ್ದರೆ 2 ವರ್ಷದವರೆಗೆ. ವೈದ್ಯರೆಂದರೆ ಎಂ.ಬಿ.ಬಿ.ಎಸ್. ತರಹದ ಪದವಿ ಇದ್ದು ವೈದ್ಯರ ರಿಜಿಸ್ಟರಿನಲ್ಲಿ ಹೆಸರಿರುವವರು. ನರ್ಸ್ ಆ ಪಟ್ಟಿಯಲ್ಲಿಲ್ಲ. ಇಳಿಸಿ ಎಂದವರಿಗೆ ಎರಡು, ಇಳಿಸಿದವಳಿಗೆ ಐದು! ಇದು ಕೇಂದ್ರದ ಕಾಯ್ದೆ, ನಿಮ್ಮ ಕೈಯಲ್ಲಿಲ್ಲ ಎಂದು ಬಲ್ಲೆ. ಆದರೂ ದೆಹಲಿಯವರಿಗೆ ಒಂದು ಕಾಗದ ಬರೆಯಬಹುದಲ್ಲ.

ಇನ್ನು ಹನ್ನೊಂದನೇ ಹಾಸಿಗೆಯ ಮಗ. ಗ್ರಾಹಕರ ವೇದಿಕೆಗೆ ಹೋಗೋಣವೆಂದರೆ, ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆಯ ಸೇವೆ ಗ್ರಾಹಕರ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ದುಡ್ಡು ಕೊಟ್ಟು ಖಾಸಗಿ ಆಸ್ಪತ್ರೆಗೆ ಹೋಗುವ ಶಕ್ತಿಯಿಲ್ಲದ್ದೇ ಅವನ ತಪ್ಪಾಯಿತು. ಸಿವಿಲ್ ದಾವೆಗೆ ಸದ್ಭಾವನೆಯ ಕೊಡೆ ಅಡ್ಡ. ಉಳಿದದ್ದು ಹೈಕೋರ್ಟಿನ ರಿಟ್; ಅದನ್ನು ಯಾವ ಕಾಯ್ದೆಯೂ ಮುಚ್ಚಲಾರದು, ನಿಜ. ಆದರೆ ಕೂಲಿ ಮಾಡುವವನೊಬ್ಬ ಬೆಂಗಳೂರಿಗೆ ಎಷ್ಟು ಸಲ ಬಸ್ಸು ಹತ್ತಿಯಾನು? ಕೋವಿಡ್ ಲಸಿಕೆಯ ಮಾತೂ ಹೀಗೇ ಆಯಿತು. ಲಸಿಕೆ ಪಡೆದ ಮೇಲೆ ಮಕ್ಕಳನ್ನು ಕಳೆದುಕೊಂಡೆವೆಂದು ಹೆತ್ತವರು ಸುಪ್ರೀಂ ಕೋರ್ಟಿಗೆ ಹೋದರೆ, ಪರಿಹಾರದ ಹೊಣೆ ತನ್ನದಲ್ಲ, ಬೇಕಾದರೆ ಸಿವಿಲ್ ಕೋರ್ಟಿಗೋ ಗ್ರಾಹಕರ ವೇದಿಕೆಗೋ ಹೋಗಲಿ ಎಂದು ಕೇಂದ್ರ 2022ರಲ್ಲಿ ಪ್ರಮಾಣಪತ್ರ ಸಲ್ಲಿಸಿತು. ಲಸಿಕೆ ಸಾವಿರಾರು ಜನಕ್ಕೆ ಚುಚ್ಚಿದವಳು ನಾನು, ಅದರ ಮೇಲೆ ನನಗೆ ನಂಬಿಕೆಯೂ ಇದೆ. ಲಕ್ಷಕ್ಕೊಬ್ಬರಿಗೆ ಕೇಡಾದರೆ ಆ ಒಬ್ಬರ ಭಾರವನ್ನು ಉಳಿದವರೆಲ್ಲ ಹೊರಬೇಕಲ್ಲವೇ? ಬ್ರಿಟನ್ನಿನಲ್ಲಿ 1979ರಿಂದ ಇದಕ್ಕೊಂದು ಕಾಯ್ದೆ ಇದೆ. ಲಸಿಕೆಯಿಂದ ತೀವ್ರ ಅಂಗವೈಕಲ್ಯ ಬಂದವರಿಗೆ ಯಾರ ತಪ್ಪು ಎಂದು ಕೇಳದೆ ಹಣ ಕೊಡುತ್ತಾರೆ, ಈಗ 1,20,000 ಪೌಂಡ್. ಅಮೆರಿಕ 2005ರ ಕಾಯ್ದೆಯಲ್ಲಿ ಕಂಪನಿಗಳಿಗೆ ದಾವೆಯಿಂದ ರಕ್ಷಣೆ ಕೊಟ್ಟಾಗಲೂ ಪಕ್ಕದಲ್ಲೇ ಒಂದು ಪರಿಹಾರ ನಿಧಿ ಇಟ್ಟಿತು. ಅದರಿಂದ ಹಣ ಸಿಗುವುದು ಕಷ್ಟ ಎಂಬ ದೂರಿದೆ, ಇರಲಿ. ದಾವೆಯ ಹಕ್ಕು ಕಸಿದರೆ ಬದಲಿಗೆ ಏನಾದರೂ ಕೊಡಬೇಕು ಎಂಬ ನಾಚಿಕೆಯಾದರೂ ಅದರಲ್ಲಿದೆ.

2020ರ ರಾಜ್ಯ ಕಾಯ್ದೆ ನಿಮ್ಮದು. ಅದನ್ನು ತಿದ್ದಲು ದೆಹಲಿಯ ಮುಖ ನೋಡಿ ಕೂರಬೇಕಾಗಿಲ್ಲ. ತಕ್ಕ ಎಚ್ಚರವಿಲ್ಲದ್ದು ಸದ್ಭಾವನೆಯಲ್ಲ ಎಂಬ ದಂಡ ಸಂಹಿತೆಯ ಸಾಲನ್ನು ಅಲ್ಲಿಗೆ ತನ್ನಿ. ಹಾಸಿಗೆಯ ಪಕ್ಕ ನಿಂತವರಿಗೆ ಪೂರ್ತಿ ರಕ್ಷಣೆ ಕೊಡಿ, ಅವರ ಮೇಲೆ ಕೇಸಾದರೆ ವಕೀಲರ ಖರ್ಚು ಸರ್ಕಾರದ್ದಾಗಲಿ. ಸರಬರಾಜು ಮಾಡಬೇಕಾದವರಿಗೆ ಬೇರೆ ಅಳತೆ ಇರಲಿ. ಸತ್ತವರ ಮನೆಯವರು ಯಾರ ತಪ್ಪನ್ನೂ ಸಾಬೀತು ಮಾಡದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮುಂದೆಯೇ, ಇಷ್ಟು ದಿನದೊಳಗೆ ಎಂಬ ಗಡುವಿನಲ್ಲಿ ಪರಿಹಾರ ಪಡೆಯುವಂತಾಗಲಿ. ಎಲ್ಲಕ್ಕಿಂತ ಮೊದಲು ರಿಜಿಸ್ಟರುಗಳನ್ನು ಕಾಪಾಡಿ. ಇಂಡೆಂಟ್ ಪುಸ್ತಕ, ಆಕ್ಸಿಜನ್ ರಿಜಿಸ್ಟರು, ಕೇಸ್ ಶೀಟು ಮೂರನ್ನೂ ದಿನದ ಕೊನೆಗೆ ಸ್ಕ್ಯಾನ್ ಮಾಡಿ ಆಸ್ಪತ್ರೆಯ ಹೊರಗೆ ಇಡಬೇಕು, ಮನೆಯವರು ಕೇಳಿದರೆ ನಕಲು ಕೊಡಬೇಕು ಎಂದು ಕಾಯ್ದೆಯಲ್ಲೇ ಬರೆಯಿರಿ. ಸದ್ಭಾವನೆ ಇತ್ತೋ ಇಲ್ಲವೋ ಎಂಬುದು ಆ ಹಾಳೆಗಳಲ್ಲಿ ಮಾತ್ರ ಕಾಣುತ್ತದೆ.

ಹನ್ನೊಂದನೇ ಹಾಸಿಗೆಯ ಮಗ ಎರಡು ತಿಂಗಳ ನಂತರ ಆಸ್ಪತ್ರೆಗೆ ಬಂದಿದ್ದ. ಆ ರಾತ್ರಿಯ ಆಕ್ಸಿಜನ್ ರಿಜಿಸ್ಟರಿನ ನಕಲು ಬೇಕಂತೆ. ಸಿಗುತ್ತಿಲ್ಲ ಎಂದು ಆಫೀಸಿನವರು ಸಾಗಹಾಕಿದರು. ನಾನು ಪ್ರತಿ ಪಾಳಿಯ ಕೊನೆಗೆ ಸಿಲಿಂಡರಿನ ಲೆಕ್ಕವನ್ನು ಎಲ್‌ಐಸಿಯವರು ಕೊಟ್ಟ ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಅವನಿಗೆ ಅದನ್ನು ತೋರಿಸುವ ಧೈರ್ಯ ಅಂದು ಬರಲಿಲ್ಲ, ನೌಕರಿ ಇನ್ನೂ ಬಾಕಿ ಇತ್ತು. ತಿದ್ದುಪಡಿಯ ಕರಡು ಮಾಡುವಾಗ ನಿಮ್ಮ ಇಲಾಖೆ ಕರೆದರೆ ಡೈರಿಯನ್ನು ತರುತ್ತೇನೆ. ಮೇ ತಿಂಗಳ ಹಾಳೆಗಳು ಸ್ಯಾನಿಟೈಜರ್ ಬಿದ್ದು ಮಸುಕಾಗಿವೆ. ಅಂಕಿಗಳನ್ನು ಓದಬಹುದು.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶುಶ್ರೂಷಾಧಿಕಾರಿ
ಮೈಸೂರು