ಅಪ್ಪನ ಒಂದೂವರೆ ರೊಟ್ಟಿ

ಲೀಡ್ಸ್, ಇಂಗ್ಲೆಂಡ್
ಭಾನುವಾರ

ಪ್ರೀತಿಯ ವೈನಿ,

ನಮಸ್ಕಾರ. ನಾವೆಲ್ಲ ಆರಾಮ. ಫೋನಿನಲ್ಲಿ ಹೇಳಿದರೆ ಅಪ್ಪನ ಕಿವಿಗೆ ಬೀಳುತ್ತದೆ, ಅದಕ್ಕೇ ಬರೆದು ನಿಮ್ಮ ವಾಟ್ಸಾಪಿಗೆ ಹಾಕುತ್ತಿದ್ದೇನೆ. ಅಣ್ಣನಿಗೆ ಹಾಕಿದರೆ ಓದುವುದೇ ಇಲ್ಲ, ಅಲ್ವಾ?

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಪ್ಪ ಕೈ ಎತ್ತಿದಾಗ ವಾಚು ಮೊಳಕೈವರೆಗೂ ಜಾರಿತು. ಮೊದಲು ಅದರ ಪಟ್ಟಿಯ ಅಚ್ಚು ಕೈಮೇಲೆ ಮೂಡಿರುತ್ತಿತ್ತು. ಅಡತಿ ಅಂಗಡಿಯ ತೂಕದ ಮಷೀನಿನಲ್ಲಿ ದಸರೆಗೆ 68 ಕಿಲೋ, ಈಗ 61 ಅಂತೆ. "ವಾಕಿಂಗ್ ಮಾಡಿ ಸಣ್ಣ ಆಗೀನಿ" ಅಂತ ಹೆಮ್ಮೆ ಬೇರೆ! ತಾನಾಗಿಯೇ 6ರಿಂದ 12 ತಿಂಗಳಲ್ಲಿ ನೂರಕ್ಕೆ 5ರಷ್ಟು ಇಳಿದರೇ ಕಾರಣ ಹುಡುಕಬೇಕು. ಇದು ಹತ್ತಕ್ಕೂ ಜಾಸ್ತಿ.

ಶೇಂಗಾ ಹಿಂಡಿ, ಮೊಸರಿನ ಜೊತೆ ಮೂರು ರೊಟ್ಟಿ ತಿನ್ನುತ್ತಿದ್ದವನು ಒಂದೂವರೆಗೇ "ಸಾಕವ್ವಾ" ಅನ್ನುತ್ತಾನೆ ಅಂತ ನೀವೇ ಹೇಳಿದ್ದಿರಿ. ಹಸಿವೇ ಇಲ್ಲವೋ, ಹಸಿದು ಕೂತರೂ ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೋ? ಸ್ವಲ್ಪ ಗಮನಿಸಿ.

ನನ್ನ ಆಫೀಸಿನ ಒಬ್ಬರಿಗೆ ಹೀಗೇ ಆಗಿತ್ತು. ಗ್ಯಾಸ್ ಅಂತ ತಿಂಗಳುಗಟ್ಟಲೆ ಗುಳಿಗೆ ನುಂಗಿದರು. ನೋಡಿದರೆ ಎಡ ಪಕ್ಕೆಲುಬಿನ ಕೆಳಗೆ ಗುಲ್ಮ (ಸ್ಪ್ಲೀನ್ ಅಂತಾರಲ್ಲ, ಅದು) ಊದಿಕೊಂಡು ಜಠರವನ್ನು ಒತ್ತುತ್ತಿತ್ತು. ಸಿಎಂಎಲ್ ಅನ್ನೋ ರಕ್ತದ ಕ್ಯಾನ್ಸರ್. ಈಗ ದಿನಾ ಇಮ್ಯಾಟಿನಿಬ್ ಮಾತ್ರೆ ತಗೊಂಡು ಕೆಲಸಕ್ಕೆ ಬರುತ್ತಾರೆ.

ಅಪ್ಪನಿಗೂ ಅದೇ ಅಂತಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್, ಟಿಬಿ ಇದ್ದರೂ ತೂಕ ಇಳಿಯುತ್ತದೆ. ಆದರೆ ಟಾನಿಕ್ ಕುಡಿಸಿ ಕಾಯೋದು ಬೇಡ. ನವನಗರದ ಲ್ಯಾಬಿನಲ್ಲಿ ಸಿಬಿಸಿ, ಅಂದರೆ ರಕ್ತಕಣ ಎಣಿಸೋ ಪರೀಕ್ಷೆ, ಜೊತೆಗೆ ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡೋ ಸ್ಮಿಯರ್ ಮಾಡಿಸಿ. ಸಕ್ಕರೆ, ಥೈರಾಯ್ಡನ್ನೂ ಅದೇ ಸಲ ನೋಡಿಸಿ. ಡಾಕ್ಟರು ಮಲಗಿಸಿ ಹೊಟ್ಟೆ ಒತ್ತಿ ನೋಡಲಿ. ಕುರ್ಚಿಯಲ್ಲಿ ಕೂರಿಸಿಯೇ ಚೀಟಿ ಬರೆದರೆ ನೀವು ಏಳಲೇಬೇಡಿ!

ಇನ್ನೊಂದು. ಬೆಳಿಗ್ಗೆ ಅಪ್ಪನ ಬನಿಯನ್ನು ಒದ್ದೆ ಇರುತ್ತದಾ? ಬಾಗಲಕೋಟೆ ಬಿಸಿಲಿನ ಬೆವರಲ್ಲ, ಹಿಂಡಿದರೆ ನೀರು ಬರುವಷ್ಟು. ಕುತ್ತಿಗೆಯಲ್ಲೋ ಕಂಕುಳಲ್ಲೋ ಗಂಟು? ಬಿಟ್ಟು ಬಿಟ್ಟು ಜ್ವರ? ಇದ್ದರೆ ಡಾಕ್ಟರಿಗೆ ನೀವೇ ಹೇಳಿ. ಅಪ್ಪ "ಏನಿಲ್ಲ" ಅಂದುಬಿಡುತ್ತಾನೆ.

ಅಣ್ಣ ಕರೆದರೆ ಜಗಳ ಆಗುತ್ತದೆ. ಪುಟ್ಟಿಯನ್ನು ಮುಂದೆ ಬಿಡಿ, ಅವಳ ಮಾತಿಗೆ ಅಪ್ಪ ಇಲ್ಲ ಅನ್ನೋದಿಲ್ಲ. ರಿಪೋರ್ಟ್ ಬಂದ ತಕ್ಷಣ ಫೋಟೋ ಕಳಿಸಿ, ಇಲ್ಲಿ ನಡುರಾತ್ರಿ ಆದರೂ ಪರವಾಗಿಲ್ಲ.

ನಿಮ್ಮ ನಾದಿನಿ,
ಸುಧಾ