ಕರೆಂಟ್ ವೈರಿನಲ್ಲಿ ಇಂಟರ್ನೆಟ್: ಮೊದಲು ಫೇಸ್ ನೋಡಿ

ಮಾನ್ಯ ಸಂಪಾದಕರೇ,

ಶಿರಸಿ, ಸಿದ್ದಾಪುರದ ಹಳೆ ಮನೆಗಳ ದಪ್ಪ ಮಣ್ಣಿನ ಗೋಡೆಯನ್ನಾಗಲಿ, ಕಾರವಾರ, ಅಂಕೋಲೆಯ ಚಿರೆಕಲ್ಲಿನ ಗೋಡೆಯನ್ನಾಗಲಿ ದಾಟಿ ಒಳಕೋಣೆ ಮುಟ್ಟುವಷ್ಟು ಶಕ್ತಿ ವೈಫೈಗಿಲ್ಲ. ಹಾಗಾಗಿ ಕರೆಂಟ್ ವೈರಿನಲ್ಲೇ ಇಂಟರ್ನೆಟ್ ಹಾಯಿಸುವ ಪವರ್‌ಲೈನ್ ಅಡಾಪ್ಟರ್ ಜೋಡಿಯನ್ನು (ಒಂದು ಲ್ಯಾನ್ ಕೇಬಲಿನಿಂದ ರೌಟರಿಗೆ, ಇನ್ನೊಂದು ಒಳಕೋಣೆಗೆ) ಜನ ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಕೆಲಸಕ್ಕೆ ಬಾರದ್ದೆಂದು ಮೂಲೆ ಸೇರುತ್ತದೆ. ಅದನ್ನು ಎಲ್ಲಿ ಚುಚ್ಚಬೇಕೆಂದು ಯಾರೂ ಹೇಳಿಕೊಡದಿರುವುದೇ ಇದಕ್ಕೆ ಮುಖ್ಯ ಕಾರಣ.

50 ಹರ್ಟ್ಸ್‌ನ ಕರೆಂಟಿನ ಮೇಲೆ ಈ ಅಡಾಪ್ಟರ್ 2 ಮೆಗಾಹರ್ಟ್ಸ್‌ನಿಂದ ಮೇಲಿನ ಸಿಗ್ನಲ್ ಕೂರಿಸುತ್ತದೆ. ಸ್ಪೈಕ್ ಗಾರ್ಡ್ ಮತ್ತು ಯುಪಿಎಸ್ ಒಳಗಿನ ಫಿಲ್ಟರ್ ಇಂಥ ಸಿಗ್ನಲನ್ನೇ ಕಸವೆಂದು ನುಂಗುತ್ತದೆ. ಆದ್ದರಿಂದ ಎರಡೂ ಅಡಾಪ್ಟರ್ ನೇರ ಗೋಡೆಯ ಸಾಕೆಟ್ಟಿನಲ್ಲೇ ಇರಲಿ. ಪಕ್ಕದ ಸಾಕೆಟ್ಟಿನಲ್ಲಿ ಅಗ್ಗದ ಮೊಬೈಲ್ ಚಾರ್ಜರ್ ಬೇಡ, ಅದು ಸಿಗ್ನಲ್ ಕೆಡಿಸುತ್ತದೆ. ಮೊದಲು ಎರಡನ್ನೂ ಒಂದೇ ಕೋಣೆಯಲ್ಲಿ ಹಾಕಿ, ಒಂದರ ಪೇರ್ (ಜೋಡಿ ಕೂಡಿಸುವ) ಬಟನ್ ಒತ್ತಿ, ಎರಡು ನಿಮಿಷದೊಳಗೆ ಇನ್ನೊಂದರದ್ದೂ ಒತ್ತಿ. ಅಲ್ಲಿ ಸರಿಯಾಗಿ ಓಡಿದ ಮೇಲೆ ಒಂದನ್ನು ಒಳಕೋಣೆಗೆ ಒಯ್ಯಿರಿ.

ಅಲ್ಲಿ ಸಿಗ್ನಲ್ ಸತ್ತರೆ ಫೇಸ್, ಅಂದರೆ ಕರೆಂಟ್ ತರುವ ಲೈನ್, ಯಾವುದೆಂದು ಪರೀಕ್ಷಿಸಿ. ಪಂಪಿಗೆಂದು ತ್ರೀ ಫೇಸ್ ಪಡೆದ ತೋಟದ ಮನೆಗಳಲ್ಲಿ ಜಗುಲಿ ಒಂದು ಫೇಸಿನಲ್ಲೂ ಮಹಡಿ ಇನ್ನೊಂದರಲ್ಲೂ ಇರುವುದುಂಟು. ಬೇರೆ ಬೇರೆ ಫೇಸ್ ಆದರೆ ಸಿಗ್ನಲ್ ಸೊರಗುತ್ತದೆ, ಕೆಲವೊಮ್ಮೆ ಸಿಗುವುದೇ ಇಲ್ಲ. ಡಿಬಿ ಬಾಕ್ಸಿನಲ್ಲಿ (ಮನೆಯ ಕರೆಂಟ್ ಹಂಚುವ ಸ್ವಿಚ್ಚುಗಳ ಪೆಟ್ಟಿಗೆ) ಒಂದೊಂದೇ ಫೇಸ್ ಆಫ್ ಮಾಡಿ ನೋಡಿದರೆ ಯಾವ ಸಾಕೆಟ್ ಯಾವುದರ ಮೇಲಿದೆ ಎಂದು ತಿಳಿಯುತ್ತದೆ. ಬದಲಿಸುವ ಕೆಲಸ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರದ್ದು. ಇನ್ವರ್ಟರ್ ಇದ್ದರೆ ಎರಡೂ ಅಡಾಪ್ಟರ್ ಇನ್ವರ್ಟರ್ ಲೈನಿನಲ್ಲೇ ಬರುವಂತೆ ನೋಡಿ. ಒಂದು ಅಲ್ಲಿ, ಇನ್ನೊಂದು ಮೇನ್ಸ್ ಲೈನಿನಲ್ಲಿ ಇದ್ದರೆ ಕರೆಂಟ್ ಹೋದೊಡನೆ ಒಳಕೋಣೆಯ ನೆಟ್ ಸಹ ಹೋಗುತ್ತದೆ.

ಡಬ್ಬಿಯ ಮೇಲಿನ 600, 1000 ಎಂಬಿಪಿಎಸ್ ಎಂಬ ಅಂಕಿ ನಂಬಿ ಕೊಳ್ಳಬೇಡಿ. ಅದು ಎರಡೂ ದಿಕ್ಕಿನ ಲೆಕ್ಕ ಸೇರಿಸಿದ ಪ್ರಯೋಗಾಲಯದ ವೇಗ, ಮನೆಯಲ್ಲಿ ಸಿಗುವುದು ಅದರ ಸಣ್ಣ ಪಾಲು. 600ರ ಎಷ್ಟೋ ಮಾದರಿಗಳ ಲ್ಯಾನ್ ಪೋರ್ಟೇ 100 ಎಂಬಿಪಿಎಸ್‌ನದು. ಕರಾವಳಿಯಲ್ಲಂತೂ ಉಪ್ಪುಗಾಳಿಗೆ ಸಾಕೆಟ್ಟಿನ ಹಿತ್ತಾಳೆ ಕಿಲುಬು ಹಿಡಿದು ಪಿನ್ ಸಡಿಲವಾಗುತ್ತದೆ, ಲಿಂಕ್ ಕಡಿಯುತ್ತ ಕೂಡುತ್ತ ಇರುತ್ತದೆ. ಹೊಸ ಅಡಾಪ್ಟರಿಗೆ ದುಡ್ಡು ಸುರಿಯುವ ಮೊದಲು ಆ ಸಾಕೆಟ್ ಬದಲಿಸಿ.

ಗುಡುಗಿನ ಸಮಯದಲ್ಲಿ ಬರಿ ಸ್ವಿಚ್ ಆರಿಸಿದರೆ ಸಾಲದು, ದಯವಿಟ್ಟು ಇದನ್ನು ನೆನಪಿಡಿ. ಸ್ವಿಚ್ ಫೇಸನ್ನಷ್ಟೇ ಕಡಿಯುತ್ತದೆ, ನ್ಯೂಟ್ರಲ್ ಮತ್ತು ಅರ್ಥ್ ಅಂಟಿಕೊಂಡೇ ಇರುತ್ತವೆ. ಸಿಡಿಲಿನ ಹೊಡೆತ ಆ ದಾರಿಯಲ್ಲಿ ಅಡಾಪ್ಟರ್ ಹೊಕ್ಕು, ಲ್ಯಾನ್ ಕೇಬಲ್ ಹಿಡಿದು ರೌಟರ್, ಕಂಪ್ಯೂಟರ್‌ವರೆಗೂ ಹೋಗಬಲ್ಲದು. ಮೋಡ ಕಟ್ಟುತ್ತಿರುವಾಗಲೇ ಎರಡೂ ಅಡಾಪ್ಟರನ್ನು ಸಾಕೆಟ್ಟಿನಿಂದ ಕಿತ್ತಿಡಿ, ರೌಟರಿನ ಲ್ಯಾನ್ ಕೇಬಲನ್ನೂ ತೆಗೆಯಿರಿ. ಗುಡುಗು ತಲೆಯ ಮೇಲೆ ಬಂದ ಮೇಲೆ ಮುಟ್ಟಲು ಹೋಗಬೇಡಿ.

ಮನೆಗೆ ಹೊಸ ವೈರಿಂಗ್ ಮಾಡಿಸುವವರಿಗೆ ಈ ಅಡಾಪ್ಟರೇ ಬೇಡ. ಕರೆಂಟ್ ವೈರಿನ ಪೈಪಿನಿಂದ ದೂರವಾಗಿ ಇನ್ನೊಂದು ಪೈಪ್ ಹಾಕಿಸಿ, ಅದರಲ್ಲಿ ಇಂಟರ್ನೆಟ್ಟಿನ ಕ್ಯಾಟ್-6 ಲ್ಯಾನ್ ಕೇಬಲ್ ಎಳೆಸಿ.

– ಒಬ್ಬ ಎಲೆಕ್ಟ್ರಿಷಿಯನ್, ಶಿರಸಿ